ನಷ್ಟವೇ ಇಲ್ಲದಿದ್ದರೂ ಎಚ್ಚರಿಕೆ: ಪ್ಲುಟೋನಿಯಂ ಲೆಕ್ಕದ ಮಿತಿ ಎಲ್ಲಿ ತಪ್ಪಿದೆ?

ಪ್ರಶ್ನೆ (ದಾವಣಗೆರೆ)

ಎಂ.ಎಸ್ಸಿ. ಯೋಜನೆಗಾಗಿ ಎಕ್ಸೆಲ್‌ನಲ್ಲಿ ಒಂದು ಕಾಲ್ಪನಿಕ ಘಟಕದ ಪ್ಲುಟೋನಿಯಂ ಲೆಕ್ಕ ಹಾಕುತ್ತಿದ್ದೇನೆ. ಆರಂಭದ ದಾಸ್ತಾನಿಗೆ ಒಳಬಂದದ್ದನ್ನು ಕೂಡಿಸಿ, ಹೊರಹೋದದ್ದನ್ನೂ ಕೊನೆಯ ದಾಸ್ತಾನನ್ನೂ ಕಳೆದರೆ ಉಳಿಯುವುದೇ ಲೆಕ್ಕಕ್ಕೆ ಸಿಗದ ವಸ್ತು. ತಿಂಗಳಿಗೆ ತಲಾ 4 ಕಿಲೋದ 100 ಡಬ್ಬಿಗಳು ಬರುತ್ತವೆ. ಪ್ರತಿ ಡಬ್ಬಿಯ ಅಳತೆಗೆ ಶೇ 0.5ರಷ್ಟು ಯಾದೃಚ್ಛಿಕ ದೋಷವನ್ನೂ, ತಿಂಗಳಿಗೊಮ್ಮೆ ಮಾಡುವ ತಕ್ಕಡಿಯ ಹೊಂದಾಣಿಕೆಗೆ ಇನ್ನೊಂದು ಶೇ 0.5ರ ದೋಷವನ್ನೂ ಸೇರಿಸಿದ್ದೇನೆ. ಉಳಿದ ಅಳತೆಗಳು ನಿಖರವೆಂದೇ ಇಟ್ಟಿದ್ದೇನೆ. ಡಬ್ಬಿಗೆ 20 ಗ್ರಾಂ, ನೂರರ ವರ್ಗಮೂಲ 10, ಆದ್ದರಿಂದ ಸಿಗ್ಮಾ (ತಿಂಗಳ ಲೆಕ್ಕದ ಪ್ರಮಾಣಿತ ವಿಚಲನೆ) 0.2 ಕಿಲೋ ಎಂದು ಹಿಡಿದು, ಶೇ 5ರ ಸುಳ್ಳು ಎಚ್ಚರಿಕೆಗೆ ಒಪ್ಪಿ, ಲೆಕ್ಕಕ್ಕೆ ಸಿಗದ ವಸ್ತು ದಾಟಿದರೆ ಎಚ್ಚರಿಕೆ ಕೊಡುವ ಮಿತಿಯನ್ನು ಅದರ 1.645 ಪಟ್ಟು, ಅಂದರೆ 0.33 ಕಿಲೋ ಎಂದು ನಿಗದಿಪಡಿಸಿದೆ. ಒಂದು ಗ್ರಾಂ ಕೂಡ ಕಾಣೆಯಾಗದ ವರ್ಷದಲ್ಲಿ 5 ತಿಂಗಳು ಎಚ್ಚರಿಕೆ ಬಂದಿದೆ.

ಉತ್ತರ (ಚಿತ್ರದುರ್ಗ)

ಹೊಂದಾಣಿಕೆಯ ದೋಷವನ್ನು ದತ್ತಾಂಶಕ್ಕೆ ಸೇರಿಸಿದ್ದೀರಿ, ಸಿಗ್ಮಾಕ್ಕೆ ಸೇರಿಸಿಲ್ಲ. ನಿಮ್ಮೂರಿನ ಎಪಿಎಂಸಿಗೆ ಬರುವ ಮೆಕ್ಕೆಜೋಳದ ಲಾರಿಗಳನ್ನೇ ನೆನೆಯಿರಿ: ತೂಗುವವರ ಕೈತಪ್ಪು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆಯಾಗಿ ಬಹುಪಾಲು ಸರಿಹೋಗುತ್ತದೆ, ಆದರೆ ನೂರು ಕಿಲೋಗೆ ಅರ್ಧ ಕಿಲೋ ಹೆಚ್ಚು ತೋರಿಸುವ ವೇಬ್ರಿಡ್ಜು ಬಂದ ಪ್ರತಿ ಲಾರಿಗೂ ಅದೇ ಪ್ರಮಾಣದಲ್ಲಿ ತೂಕ ಸೇರಿಸುತ್ತಲೇ ಹೋಗುತ್ತದೆ. ಅಂಥ ದೋಷಕ್ಕೆ ವರ್ಗಮೂಲ ಹಿಡಿಯಬಾರದು, ನೇರವಾಗಿ ಗುಣಿಸಬೇಕು. 20 ಗ್ರಾಂ ಗುಣಿಸು 100 ಎಂದರೆ 2 ಕಿಲೋ, 0.2ರ ಜೊತೆ ವರ್ಗ ಮಾಡಿ ಕೂಡಿಸಿ ಮೂಲ ತೆಗೆದರೆ ಸಿಗ್ಮಾ 2.01 ಕಿಲೋ, ಮಿತಿ 3.31 ಕಿಲೋ. ನಿಮ್ಮ ಹಳೆಯ ಮಿತಿಗೆ ತಿಂಗಳಿಗೆ ಸುಮಾರು ಶೇ 43ರಷ್ಟು ಸುಳ್ಳು ಎಚ್ಚರಿಕೆ ಬರಲೇಬೇಕಿತ್ತು.

ಮರುಪ್ರಶ್ನೆ

ತಿದ್ದಿದೆ, ಈಗ ಒಂದೇ ತಿಂಗಳು ಎಚ್ಚರಿಕೆ ಬಂದಿದೆ. ಅದೂ ಬರಬಾರದಲ್ಲವೇ?

ಉತ್ತರ

ಬರಬಹುದು. ತಿಂಗಳಿಗೆ ಶೇ 5 ಎಂದರೆ 12 ಪರೀಕ್ಷೆಗಳಲ್ಲಿ ಒಮ್ಮೆಯಾದರೂ ಸುಳ್ಳು ಎಚ್ಚರಿಕೆ ಬರುವ ಸಂಭವ ಶೇ 46. ಇಡೀ ವರ್ಷಕ್ಕೆ ಶೇ 5 ಬೇಕಿದ್ದರೆ ಮಿತಿಯನ್ನು 2.63 ಸಿಗ್ಮಾಕ್ಕೆ, ಅಂದರೆ 5.29 ಕಿಲೋಗೆ ಏರಿಸಿ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಪ್ಲುಟೋನಿಯಂಗೆ ಗೊತ್ತುಮಾಡಿರುವ ಗಣನೀಯ ಪ್ರಮಾಣ (ಒಂದು ಅಣುಬಾಂಬ್ ತಯಾರಿಸುವ ಸಾಧ್ಯತೆಯನ್ನು ತಳ್ಳಿಹಾಕಲಾಗದಷ್ಟು ವಸ್ತು) 8 ಕಿಲೋ. ಅಷ್ಟು ಒಂದೇ ತಿಂಗಳಲ್ಲಿ ಕಾಣೆಯಾದರೆ ಈ ಮಿತಿಯಲ್ಲೂ ಪತ್ತೆಯಾಗುವ ಸಂಭವ ಸುಮಾರು ಶೇ 91 ಉಳಿಯುತ್ತದೆ. ಮಿತಿ ಏರಿಸಿದಾಗಲೆಲ್ಲ ಪತ್ತೆಯಾಗುವ ಈ ಸಂಭವವನ್ನು ತಪ್ಪದೆ ನೋಡಿ, ಏಕೆಂದರೆ ಸುಳ್ಳು ಎಚ್ಚರಿಕೆಗೆ ಬೇಸತ್ತು ಮಿತಿ ಏರಿಸುತ್ತ ಹೋದವರಿಗೆ ನಿಜವಾದ ನಷ್ಟವೂ ಕಾಣದೆ ಹೋಗುತ್ತದೆ.

ತಿಂಗಳಿಗೊಮ್ಮೆ ಲೆಕ್ಕ ಹಾಕಿ, ಉಳಿದ ಅಳತೆಗಳು ನಿಖರವೆಂದು ಇಟ್ಟಿದ್ದರಿಂದ ನಿಮಗೆ ಇದು ಸಾಧ್ಯವಾಯಿತು. ವರ್ಷಕ್ಕೆ 8 ಟನ್ ಪ್ಲುಟೋನಿಯಂ ಹಾಯುವ ಮರುಸಂಸ್ಕರಣಾ ಘಟಕದಲ್ಲಿ (ಬಳಸಿದ ಅಣು ಇಂಧನದಿಂದ ಪ್ಲುಟೋನಿಯಂ ಬೇರ್ಪಡಿಸುವಲ್ಲಿ) ಶೇ 1ರ ಅನಿಶ್ಚಿತತೆಯೇ 80 ಕಿಲೋ. ಅಲ್ಲಿ ವಾರ್ಷಿಕ ಲೆಕ್ಕವೊಂದನ್ನೇ ನಂಬಲಾಗದು, ಮೊಹರು, ಕ್ಯಾಮೆರಾ ಮತ್ತು ಆಗಿಂದಾಗ್ಗೆ ನಡೆಯುವ ಲೆಕ್ಕ ಮೂರೂ ಬೇಕಾಗುತ್ತವೆ.