ಸಹಾಯ ಬೇಕು: ಶಾಲೆ ಬಿಟ್ಟ ತಮ್ಮನಿಗೆ ಓದು ಕಲಿಸುವವರು ಯಾರಾದರೂ ಇದ್ದಾರೆಯೇ?

ಎಲ್ಲರಿಗೂ ನಮಸ್ಕಾರ. ನಾವು ಮೂಡಿಗೆರೆ ಕಡೆಯವರು. ನನ್ನ ತಮ್ಮನಿಗೆ 15 ವರ್ಷ. ಜನವರಿಯಲ್ಲಿ ರೊಬಸ್ಟಾ ಕಾಫಿಯ ಕೊಯ್ಲಿಗೆಂದು ತೋಟಕ್ಕೆ ಹೋದವನು ಒಂಬತ್ತನೇ ತರಗತಿಗೆ ಮರಳಲೇ ಇಲ್ಲ. ಈಗ ಗೊಬ್ಬರ ಹೊರುತ್ತಾನೆ, ಬಟವಾಡೆಯ ಹಣವನ್ನು ಅಮ್ಮನ ಕೈಗಿಡುತ್ತಾನೆ.

ಅವನು ಸೋಮಾರಿಯಲ್ಲ. ನಾಲ್ಕನೇ ತರಗತಿಯಲ್ಲೂ ಅಕ್ಷರ ಕೂಡಿಸಿಕೊಂಡೇ ಓದುತ್ತಿದ್ದ. ಯಾರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. ವರ್ಷ ವರ್ಷವೂ ಮುಂದಕ್ಕೆ ದಾಟಿಸಿದರು. ಪ್ರೌಢಶಾಲೆಯಲ್ಲಿ ಎದ್ದು ನಿಂತು ಓದಲು ಹೇಳಿದಾಗ ತರಗತಿಯೇ ನಕ್ಕಿತಂತೆ. ಅದನ್ನು ಅವನು ಹೇಳಿದ್ದು ಒಂದೇ ಸಲ, ಅದೂ ದೀಪ ಆರಿಸಿದ ಮೇಲೆ. ತೋಟದಲ್ಲಿ ಮೂಟೆ ಎತ್ತಿದರೆ ಎಲ್ಲರೂ ‘ಗಟ್ಟಿ ಹುಡುಗ’ ಎನ್ನುತ್ತಾರೆ. ತೋಟದ ಕೂಲಿಯವರು ಇರುವ ನಮ್ಮ ಲೈನ್ ಮನೆಗಳ ಹುಡುಗರು ಕೂಲಿಗೆ ಇಳಿಯುವುದಕ್ಕೆ ಬಡತನದಷ್ಟೇ ಈ ಅವಮಾನವೂ ಕಾರಣ ಎಂದು ನನಗೆ ಬಲವಾಗಿ ಅನಿಸುತ್ತದೆ.

ಉಚಿತ ಮತ್ತು ಕಡ್ಡಾಯ ಶಿಕ್ಷಣದ 2009ರ ಕಾಯ್ದೆ 14 ವರ್ಷದವರೆಗಿನ ಮಕ್ಕಳಿಗೆ ಮಾತ್ರ. ದಿನಾ ಶಾಲೆಗೆ ಹೋಗದೆ ಓದಿ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ (NIOS) 14 ತುಂಬಿದವರು ಹತ್ತನೇ ತರಗತಿಗೆ ಸೇರಬಹುದು. ಆದರೆ ಓದಲು ಬಾರದವನು ಪುಸ್ತಕ ಹಿಡಿದು ಏನು ಮಾಡಿಯಾನು? ಬುದ್ಧಿಯಿದ್ದರೂ ಓದು ಬರಹ ಹತ್ತದ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದೆ. ಇವನಿಗೂ ಅದೇ ಇರಬಹುದೇ ಎಂಬ ಅನುಮಾನ ನನಗಿದೆ.

ಚಿಕ್ಕಮಗಳೂರು ಅಥವಾ ಹಾಸನದಲ್ಲಿ ಅದನ್ನು ಪರೀಕ್ಷಿಸುವವರು ಯಾರು? ಈ ವಯಸ್ಸಿನವರಿಗೆ ಮೊದಲಿನಿಂದ, ಒಬ್ಬರನ್ನೇ ಕೂರಿಸಿಕೊಂಡು ಕನ್ನಡ ಓದಿಸುವ ನಿವೃತ್ತ ಶಿಕ್ಷಕರು ಮೂಡಿಗೆರೆಯಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ಅವನಿಗೆ ಭಾನುವಾರ ಬಿಡುವಿರುತ್ತದೆ. ಬಸ್ಸಿನಲ್ಲಿ ನಾನೇ ಕರೆತರುತ್ತೇನೆ.