ಎಚ್‌ಓಎ ಇನ್ಶೂರೆನ್ಸ್ ಇದ್ದ ಮೇಲೆ ನಾನು ಬೇರೆ ಯಾಕೆ ಮಾಡಿಸಬೇಕು?

ಹೊಸಮನೆ:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನ್ಯೂಜೆರ್ಸಿಯಲ್ಲಿ ನಮ್ಮ ಟೌನ್‌ಹೋಮ್ (ಸಾಲುಮನೆ) ಕ್ಲೋಸಿಂಗ್, ಅಂದರೆ ಖರೀದಿ ಮುಗಿಯುವ ದಿನ, ಇದೆ. ಎಚ್‌ಓಎಗೆ (ಮನೆ ಮಾಲೀಕರ ಅಸೋಸಿಯೇಷನ್‌ಗೆ) ತಿಂಗಳಿಗೆ 340 ಡಾಲರ್ ಕಟ್ಟಬೇಕು. ಕಟ್ಟಡದ ಇನ್ಶೂರೆನ್ಸ್ ಅದರಲ್ಲೇ ಸೇರಿದೆಯಂತೆ. ಆದರೂ ಸಾಲ ಕೊಡುವವರು ಎಚ್‌ಓ-6 ಪಾಲಿಸಿ (ಮನೆಯ ಒಳಭಾಗಕ್ಕೆ, ಸಾಮಾನಿಗೆ ಮಾಲೀಕರೇ ಮಾಡಿಸುವ ಇನ್ಶೂರೆನ್ಸ್) ಬೇಕೇ ಬೇಕು ಅನ್ನುತ್ತಿದ್ದಾರೆ. ಒಂದೇ ಮನೆಗೆ ಎರಡು ಸಲ ದುಡ್ಡು ಕಟ್ಟಿದ ಹಾಗಾಗಲ್ವಾ?

ಎರಡನೇ ಮಹಡಿ:
ಆಗಲ್ಲ. ಎರಡೂ ಬೇರೆ ಬೇರೆ. ನಮಗೆ ಆದದ್ದು ಹೇಳುತ್ತೇನೆ.

ನಮ್ಮದು ಕಾಂಡೊ, ಅಪಾರ್ಟ್‌ಮೆಂಟ್ ಥರದ ಸ್ವಂತ ಮನೆ. ಜನವರಿ ಚಳಿಯಲ್ಲಿ ಮೇಲಿನ ಮನೆಯ ಪೈಪ್ ಒಡೆಯಿತು. ನಾವು ಊರಲ್ಲಿರಲಿಲ್ಲ. ಬಂದು ಬಾಗಿಲು ತೆಗೆದರೆ ಅಡುಗೆಮನೆಯ ಸೀಲಿಂಗ್ ಕುಸಿದು ಬಿದ್ದಿತ್ತು. ಮರದ ನೆಲ ಉಬ್ಬಿ ಎದ್ದಿತ್ತು. ನನ್ನ ಹೆಂಡತಿ ಬಾಗಿಲಲ್ಲೇ ಕೂತು ಅತ್ತಳು.

ಎಚ್‌ಓಎದ ಮಾಸ್ಟರ್ ಪಾಲಿಸಿ, ಅಂದರೆ ಇಡೀ ಕಟ್ಟಡಕ್ಕೆ ಅವರು ಮಾಡಿಸಿದ ಇನ್ಶೂರೆನ್ಸ್, 'ಬೇರ್ ವಾಲ್ಸ್' ಥರದ್ದು. ಚಾವಣಿ, ಹೊರಗೋಡೆ, ಎಲ್ಲರೂ ಬಳಸುವ ಜಾಗ, ಅಷ್ಟೇ ಅದರ ಪಾಲು. ಕ್ಯಾಬಿನೆಟ್, ನೆಲ, ಸಿಂಕ್ ಎಲ್ಲ ನಮ್ಮ ತಲೆಗೇ ಬಂತು. ಮೇಲಿನವರ ಇನ್ಶೂರೆನ್ಸ್ ಕೊಡುತ್ತದೆ ಅಂದುಕೊಂಡಿದ್ದೆ. ಅವರ ಕಡೆಯಿಂದ ಅಜಾಗ್ರತೆ ಆಗಿದೆ ಅಂತ ತೋರಿಸಿದರೆ ಮಾತ್ರ ಸಿಗುವುದು. ನಮಗೆ ಸಿಗಲಿಲ್ಲ.

ಪುಣ್ಯಕ್ಕೆ ಎಚ್‌ಓ-6 ಇತ್ತು. ಆದರೆ ಪ್ರೀಮಿಯಂ ಕಡಿಮೆಯಾಗಲಿ ಅಂತ ಡ್ವೆಲಿಂಗ್ ಕವರೇಜ್ (ಮನೆಯ ಒಳಭಾಗದ ದುರಸ್ತಿಗೆ ಸಿಗುವ ಮೊತ್ತ) 20,000 ಡಾಲರ್ ಮಾತ್ರ ಇಟ್ಟಿದ್ದೆ. ದುರಸ್ತಿಗೆ 31,000 ಆಯಿತು. ಉಳಿದದ್ದು ಕೈಯಿಂದ. ಏಳು ವಾರ ಬೇರೆ ಕಡೆ ಇದ್ದೆವು. ಆ ಬಾಡಿಗೆ 'ಲಾಸ್ ಆಫ್ ಯೂಸ್' ಅಡಿ ಬಂತು.

ಹೊಸಮನೆ:
ಓದಿ ಹೊಟ್ಟೆ ತೊಳಸಿದ ಹಾಗಾಯಿತು. ನಾನು ಯಾವ ಕಾಗದ ನೋಡಬೇಕು?

ಎರಡನೇ ಮಹಡಿ:
ಅಸೋಸಿಯೇಷನ್‌ನ ಡಿಕ್ಲರೇಷನ್ (ಯಾವುದು ಅವರದ್ದು, ಯಾವುದು ಮಾಲೀಕರದ್ದು ಅಂತ ಬರೆದಿರುವ ನಿಯಮಪತ್ರ) ಮತ್ತು ಮಾಸ್ಟರ್ ಪಾಲಿಸಿ, ಎರಡನ್ನೂ ಕೇಳಿ ತಗೊಳ್ಳಿ. 'ಆಲ್ ಇನ್' ಅಂತಿದ್ದರೆ ಒಳಗಿನದ್ದೂ ಬಹುಪಾಲು ಅವರದ್ದೇ. 'ಸಿಂಗಲ್ ಎಂಟಿಟಿ' ಅಂದರೆ ಮೊದಲು ಕಟ್ಟಿಕೊಟ್ಟ ಹಾಗಿದ್ದದ್ದು ಅವರದ್ದು, ಆಮೇಲೆ ನೀವು ಮಾಡಿಸಿದ್ದು ನಿಮ್ಮದು. ಟೌನ್‌ಹೋಮ್ ಅಂದಿರಲ್ಲ, ಇನ್ನೊಂದು ವಿಷಯ. ಕೆಲವು ಕಡೆ ಗೋಡೆ, ಚಾವಣಿ, ಜಾಗ ಎಲ್ಲ ಮಾಲೀಕರದ್ದೇ. ಆಗ ಎಚ್‌ಓ-6 ಸಾಲದು, ಎಚ್‌ಓ-3 (ಇಡೀ ಮನೆಗೆ ಮಾಡಿಸುವ ಪಾಲಿಸಿ) ಬೇಕಾಗಬಹುದು. ಹೆಸರು ನೋಡಿ ಮೋಸ ಹೋಗಬೇಡಿ, ಡಿಕ್ಲರೇಷನ್‌ನಲ್ಲಿ ಏನಿದೆ ಅದೇ ಲೆಕ್ಕ.

ಮಳೆಗಾಲ:
'ಲಾಸ್ ಅಸೆಸ್‌ಮೆಂಟ್' ಮರೀಬೇಡಿ, ಅಸೋಸಿಯೇಷನ್ ನಷ್ಟ ಹಂಚಿದಾಗ ನಿಮ್ಮ ಪಾಲಿಗೆ ಸಿಗುವ ಕವರೇಜ್ ಅದು. ಮಾಸ್ಟರ್ ಪಾಲಿಸಿಯ ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡುವ ಮೊದಲು ಕೈಯಿಂದ ಹಾಕಬೇಕಾದ ದುಡ್ಡು) ದೊಡ್ಡದಿದ್ದರೆ ಅದನ್ನು ಎಲ್ಲ ಮನೆಗಳಿಗೂ ಹಂಚಬಹುದು. ಸಾಮಾನ್ಯ ಪಾಲಿಸಿಯಲ್ಲಿ ಇದಕ್ಕೆ ಬರೀ 1,000 ಡಾಲರ್ ಇರುತ್ತದೆ. ಜಾಸ್ತಿ ಮಾಡಿಸಬಹುದು, ಆದರೆ ಆ ಹೆಚ್ಚಿನ ದುಡ್ಡು ಡಿಡಕ್ಟಿಬಲ್‌ಗೂ ಸಿಗುತ್ತದಾ ಅಂತ ಏಜೆಂಟ್ ಹತ್ತಿರ ಬರೆಸಿಕೊಳ್ಳಿ. ಪ್ರವಾಹಕ್ಕೆ ಬೇರೆ ಪಾಲಿಸಿ. ಚರಂಡಿ ನೀರು ವಾಪಸ್ ಬಂದರೆ ಅದಕ್ಕೂ ಸೇರ್ಪಡೆ ಬೇಕು. ಒಡವೆ ಕಳವಾದರೆ ಅನೇಕ ಪಾಲಿಸಿಗಳಲ್ಲಿ ಮಿತಿ 1,500 ಡಾಲರ್. ಅಮ್ಮ ಕೊಟ್ಟ ಬಳೆ, ಸರ ಮನೆಯಲ್ಲೇ ಇದ್ದರೆ ಬೆಲೆ ಕಟ್ಟಿಸಿ ಪಾಲಿಸಿಯಲ್ಲಿ ಒಂದೊಂದಾಗಿ ಬರೆಸಿ.

ಹೊಸಮನೆ:
ಮಾಸ್ಟರ್ ಪಾಲಿಸಿ ಈಗ ಸಿಕ್ಕಿತು. ಡಿಡಕ್ಟಿಬಲ್ 25,000 ಡಾಲರ್! ನಾಳೆ ಬೆಳಗ್ಗೆಯೇ ಏಜೆಂಟ್‌ಗೆ ಫೋನ್ ಮಾಡುತ್ತೇನೆ.