ಜೂನ್ ಮೊದಲ ವಾರ, ಕಂಪ್ಯೂಟರ್ ಲ್ಯಾಬ್: ನೀವು ಹೇಗೆ ಶುರು ಮಾಡುತ್ತೀರಿ?

ಕೇಳಿದವರು, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಪಿಯು ಕಾಲೇಜಿಗೆ ಕಂಪ್ಯೂಟರ್ ಸೈನ್ಸ್ ಉಪನ್ಯಾಸಕಿಯಾಗಿ ಹೊಸದಾಗಿ ಸೇರಿದ್ದೇನೆ. ಫಸ್ಟ್ ಪಿಯುಸಿಯಲ್ಲಿ 44 ಮಕ್ಕಳು. ಲ್ಯಾಬಿನಲ್ಲಿ ಕೆಲಸ ಮಾಡುವ ಕಂಪ್ಯೂಟರ್ 11. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ಮೊಬೈಲ್ ಎಲ್ಲರಿಗೂ ಗೊತ್ತು, ಕೀಬೋರ್ಡ್ ಮುಟ್ಟಿದವರು ಕಮ್ಮಿ. ಅಡ್ಮಿಷನ್ ದಿನ ಒಬ್ಬಳು ಹುಡುಗಿ ಮೆಲ್ಲಗೆ ಕೇಳಿದಳು: "ಮೇಡಂ, ಇಂಗ್ಲಿಷ್ ಸರಿಯಾಗಿ ಬರದಿದ್ದರೆ ಈ ಸಬ್ಜೆಕ್ಟ್ ಕಷ್ಟ ಅಲ್ವಾ?" ಅವತ್ತು ಏನೋ ಸಮಾಧಾನ ಹೇಳಿ ಕಳಿಸಿದೆ. ಆದರೆ ಆ ಪ್ರಶ್ನೆ ತಲೆಯಲ್ಲೇ ಉಳಿದಿದೆ. ಮೊದಲ ವಾರದಲ್ಲೇ ಇವರಿಗೆ ಧೈರ್ಯ ಬರಬೇಕು. ನೀವೆಲ್ಲ ಏನು ಮಾಡುತ್ತೀರಿ, ದಯವಿಟ್ಟು ಹೇಳಿ.

ತೀರ್ಥಹಳ್ಳಿಯಿಂದ

ಮೇಡಂ, ಮೊದಲು ನನ್ನ ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ವರ್ಷ ಮೊದಲ ದಿನವೇ ಬೋರ್ಡಿನ ತುಂಬಾ ಲ್ಯಾಬಿನ ನಿಯಮ ಬರೆದೆ. ಅದನ್ನು ಮುಟ್ಟಬೇಡಿ, ಇದನ್ನು ಒತ್ತಬೇಡಿ, ಕೇಳದೆ ಆಫ್ ಮಾಡಬೇಡಿ. ಮರುದಿನದಿಂದ ಕಂಪ್ಯೂಟರಿನ ತಲೆಮಾರುಗಳ ನೋಟ್ಸ್. ಮಕ್ಕಳು ಎಲ್ಲವನ್ನೂ ಬಾಯಿಪಾಠ ಮಾಡಿದರು. ಆದರೆ ದಸರಾ ರಜೆ ಹತ್ತಿರ ಬಂದರೂ ಒಂದು ಕೀ ಒತ್ತುವ ಮುಂಚೆ ನನ್ನ ಮುಖ ನೋಡುತ್ತಿದ್ದರು. ಆ ಭಯ ಹುಟ್ಟಿಸಿದವನು ನಾನೇ.

ಈಗ ನನ್ನ ಮೊದಲ ಪಾಠ ಕೊಳೆ ಔಷಧಿ, ಅಂದರೆ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ನಮ್ಮಲ್ಲಿ ಮಕ್ಕಳ ಮನೆಯಲ್ಲಿ ಅಡಿಕೆ ತೋಟ ಇರುತ್ತದೆ, ಇಲ್ಲವೇ ಅಪ್ಪ ಅಮ್ಮ ತೋಟದ ಕೆಲಸಕ್ಕೆ ಹೋಗುತ್ತಾರೆ. ಕಾಲೇಜು ಶುರುವಾಗುವ ಹೊತ್ತಿಗೇ ಮಳೆ ಹಿಡಿಯುವ ಮುಂಚೆ ಬೋರ್ಡೋ ಹೊಡೆಯುವ ಗಡಿಬಿಡಿ. ನಾನು ಸೀಮೆಸುಣ್ಣ ಹಿಡಿದು ನಿಂತು, "ನನಗೇನೂ ಗೊತ್ತಿಲ್ಲ. ನೀವು ಹೇಳಿದಷ್ಟನ್ನೇ ಮಾಡುತ್ತೇನೆ, ಒಂದು ಚೂರೂ ಹೆಚ್ಚಿಲ್ಲ" ಅನ್ನುತ್ತೇನೆ.

"ಮೈಲುತುತ್ತ ನೀರಿಗೆ ಹಾಕಿ ಸರ್." (ತುತ್ತ ಅಂದರೆ ತಾಮ್ರದ ಸಲ್ಫೇಟ್.) ಎಷ್ಟು ತುತ್ತ? ಎಷ್ಟು ನೀರು? ಯಾವ ಪಾತ್ರೆ? "ಕಬ್ಬಿಣದ್ದು ಬೇಡ ಸರ್, ಪ್ಲಾಸ್ಟಿಕ್ ಡ್ರಮ್!" ಹೀಗೆ ಒಂದೊಂದೇ ಹೊರಗೆ ಬರುತ್ತದೆ. ಒಂದು ಕೆಜಿ ತುತ್ತ ಒಂದು ಡ್ರಮ್ಮಿನಲ್ಲಿ, ಒಂದು ಕೆಜಿ ಸುಣ್ಣ ಇನ್ನೊಂದರಲ್ಲಿ, ಒಟ್ಟು 100 ಲೀಟರ್. ಯಾವುದನ್ನು ಯಾವುದಕ್ಕೆ ಸುರಿಯಬೇಕು ಅನ್ನುವಾಗ ಜೋರು ಚರ್ಚೆ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿದು ಕಲಕಬೇಕು, ಉಲ್ಟಾ ಮಾಡಬಾರದು. ಕೊನೆಗೆ ಚಾಕು ಅದ್ದಿ ನೋಡುವುದು. ಚಾಕುವಿಗೆ ಕೆಂಪು ಹಿಡಿದರೆ ತಾಮ್ರ ಜಾಸ್ತಿಯಾಗಿದೆ. ಇನ್ನಷ್ಟು ಸುಣ್ಣದ ನೀರು ಹಾಕು, ಕಲಕು, ಮತ್ತೆ ಅದ್ದು. ಕೆಂಪು ಹಿಡಿಯದಿದ್ದರೆ ನಿಲ್ಲಿಸು.

ಆ ಕೊನೆಯ ಸಾಲುಗಳ ಸುತ್ತ ಒಂದು ಚೌಕ ಎಳೆದು ಹೇಳುತ್ತೇನೆ: ಒಂದು ಷರತ್ತು ಇರುವ ತನಕ ಮತ್ತೆ ಮತ್ತೆ ಮಾಡುವ ಇದರ ಹೆಸರು ವೈಲ್ ಲೂಪ್. ನಿಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಮಾಡುತ್ತಿರುವುದು ಇದನ್ನೇ. ಅಳತೆಗಳು ವೇರಿಯೇಬಲ್, ಇಡೀ ಕ್ರಮ ಅಲ್ಗಾರಿದಮ್. ಹೆಸರು ಮಾತ್ರ ಇಂಗ್ಲಿಷು, ವಿಷಯ ನಿಮ್ಮದೇ.

ಅವತ್ತು ಜಾಸ್ತಿ ಮಾತಾಡುವವರು ಹೆಚ್ಚು ಅಂಕ ತೆಗೆದ ಮಕ್ಕಳಲ್ಲ. ಬೆಳಿಗ್ಗೆ ತೋಟದಲ್ಲಿ ಕೆಲಸ ಮಾಡಿ ಬಸ್ಸು ಹಿಡಿದು ಬಂದವರು. ನನಗೆ ಅದೇ ದೊಡ್ಡ ಖುಷಿ. ತೋಟ ಗೊತ್ತಿಲ್ಲದ ಪೇಟೆ ಮಕ್ಕಳಿದ್ದರೆ ಕಡುಬು ಬೇಯಿಸುವುದನ್ನು ಹೇಳಿಸಿ, ಅದೂ ನಡೆಯುತ್ತದೆ.

ಸಾಗರದಿಂದ

ಕರೆಂಟ್ ಹೋದಾಗ ಏನು ಅನ್ನುವುದನ್ನೂ ಈಗಲೇ ಯೋಚಿಸಿಟ್ಟುಕೊಳ್ಳಿ ಮೇಡಂ. ಜೂನ್‌ನಲ್ಲಿ ಅದು ಗ್ಯಾರಂಟಿ. ನಾನು ಹಳೆಯ ಮದುವೆ ಕಾಗದಗಳ ಹಿಂಬದಿಯಲ್ಲಿ ಐದು ಕಾರ್ಡ್ ಮಾಡಿಟ್ಟಿದ್ದೇನೆ. ಒಂದೊಂದರಲ್ಲಿ 16, 8, 4, 2, 1 ಚುಕ್ಕಿ. ಐದು ಮಕ್ಕಳು ಹಿಡಿದು ನಿಲ್ಲುತ್ತಾರೆ. ಉಳಿದವರು ತಮ್ಮ ಹುಟ್ಟಿದ ತಾರೀಖು ಹೇಳಬೇಕು. 19 ಅಂದರೆ 16, 2, 1 ಕಾರ್ಡ್ ತೋರಿಸಬೇಕು, ಉಳಿದೆರಡು ತಿರುಗಿಸಬೇಕು. ತೋರಿಸಿದ್ದಕ್ಕೆ 1, ತಿರುಗಿಸಿದ್ದಕ್ಕೆ 0 ಅಂತ ಓದಿದರೆ 10011, ಅಂದರೆ ಕಂಪ್ಯೂಟರ್ ಬಳಸುವ ಬೈನರಿಯಲ್ಲಿ 19. ಎಲ್ಲ ಕಾರ್ಡ್ ಸೇರಿದರೆ 31, ಹಾಗಾಗಿ ತಿಂಗಳ ಯಾವ ತಾರೀಖೂ ತಪ್ಪುವುದಿಲ್ಲ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಕಂಪ್ಯೂಟರ್ ಇಲ್ಲದೆ ಕಲಿಸುವ ಇಂಥ ಆಟಗಳನ್ನು ಒಟ್ಟು ಮಾಡಿದರು. ಸಿಎಸ್ ಅನ್‌ಪ್ಲಗ್ಡ್ ಅಂತ ಹುಡುಕಿದರೆ ಪುಕ್ಕಟೆ ಸಿಗುತ್ತವೆ.

ಒಂದು ಕಂಪ್ಯೂಟರಿಗೆ ನಾಲ್ಕು ಜನ ಕೂತರೆ ಮನೆಯಲ್ಲಿ ಕಂಪ್ಯೂಟರ್ ಇರುವ ಮಗುವೇ ಕೀಬೋರ್ಡ್ ಹಿಡಿದುಕೊಳ್ಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸಿ. ಮೊದಲ ಸರದಿ ಯಾವಾಗಲೂ ಮುಟ್ಟದೇ ಇದ್ದವರಿಗೆ.

ಶಿವಮೊಗ್ಗ ನಗರದಿಂದ

ನಾನು ಹೆಸರಿನ ಉದ್ದ ಅಳೆಸುತ್ತೇನೆ. ಬೋರ್ಡಿನ ಮೇಲೆ 'ಶಿವಮೊಗ್ಗ' ಅಂತ ಬರೆದು ಎಷ್ಟು ಅಕ್ಷರ ಅಂತ ಕೇಳಿ. ನಾಲ್ಕು ಅನ್ನುತ್ತಾರೆ. ಅದನ್ನೇ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಉದ್ದ ಎಣಿಸುವ ಲೆನ್‌ಗೆ ಕೊಡಿ. 8 ಬರುತ್ತದೆ! ಯಂತ್ರ ತಪ್ಪಾ, ನಾವು ತಪ್ಪಾ? ಐದು ನಿಮಿಷ ಅವರನ್ನೇ ಯೋಚಿಸಲು ಬಿಡಿ, ಉತ್ತರ ಹೇಳಬೇಡಿ. ಯಾರಾದರೊಬ್ಬರು ಕಾಗುಣಿತ ನೆನಪು ಮಾಡಿಕೊಳ್ಳುತ್ತಾರೆ. ಶ, ಗುಡಿಸು, ವ, ಮ, ಒಕಾರದ ಗುರುತು, ಗ, ಅರ್ಧಾಕ್ಷರದ ಗುರುತು, ಇನ್ನೊಂದು ಗ. ಎಣಿಸಿದರೆ ಎಂಟು. ಒತ್ತಕ್ಷರ ಅನ್ನುವುದು ಯಂತ್ರಕ್ಕೆ ಬೇರೆ ಅಕ್ಷರವೇ ಅಲ್ಲ.

ಆಮೇಲೆ ಪ್ರತಿಯೊಬ್ಬರೂ ತಮ್ಮ ಹೆಸರು, ಊರು ಹಾಕಿ ನೋಡುತ್ತಾರೆ. ಸಾಗರ 4, ಹೊಸನಗರ 6, ತೀರ್ಥಹಳ್ಳಿ 10. ಮೊದಲು ಕಾಗದದ ಮೇಲೆ ಊಹೆ, ಆಮೇಲೆ ಯಂತ್ರ. ಎಲ್ಲ ಭಾಷೆಗಳ ಅಕ್ಷರಕ್ಕೂ ನಂಬರ್ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಓಣಿ ಇದೆ, ಅದರಲ್ಲಿ 'ಅ' ಇರುವ ಮನೆ ನಂಬರ್ 3205 ಅಂತ ಹೇಳಿದರೆ ಉಳಿದ ಅಕ್ಷರಗಳ ನಂಬರ್ ಅವರೇ ಹುಡುಕುತ್ತಾರೆ. ಇಲ್ಲಿ ಕನ್ನಡ ಮಾಧ್ಯಮದ ಮಕ್ಕಳೇ ಮುಂದೆ. ನಿಮ್ಮ ಆ ಹುಡುಗಿಗೆ ಇದನ್ನು ತೋರಿಸಿ ಮೇಡಂ.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವುದಾದರೆ ಯೂನಿಕೋಡ್ ಆಯ್ಕೆ ಮಾಡಿಕೊಳ್ಳಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಕನ್ನಡ ಬರೀ ಡಬ್ಬಿಗಳಾಗಿ ಕಾಣಬಹುದು. ಪೈಥಾನ್ ಜೊತೆಗೇ ಬರುವ ಐಡಲ್ ವಿಂಡೋದಲ್ಲಿ ಮಾಡಿ.

ಆಗುಂಬೆ ಕಡೆಯಿಂದ

ಎರಡೇ ಮಾತು. ಕಾಲೇಜು ಶುರುವಾಗುವ ನಾಲ್ಕು ದಿನ ಮುಂಚೆ ಎಲ್ಲ ಕಂಪ್ಯೂಟರ್ ಆನ್ ಮಾಡಿ ನೋಡಿ. ರಜೆಯಲ್ಲಿ ಕೂತ ಯಂತ್ರಕ್ಕೆ ತಂಡಿ ಹಿಡಿದಿರುತ್ತದೆ. ತಾರೀಖು ಹಿಂದಕ್ಕೆ ಹೋಗಿದ್ದರೆ ಒಳಗಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ ಅಂತ ಅರ್ಥ, ಬದಲಿಸಿ. ತಾರೀಖು ತಪ್ಪಿದ್ದರೆ ವೆಬ್‌ಸೈಟುಗಳೂ ತೆರೆಯುವುದಿಲ್ಲ, ಮಕ್ಕಳು ತಾವೇ ಏನೋ ಹಾಳು ಮಾಡಿದೆವು ಅಂದುಕೊಳ್ಳುತ್ತಾರೆ.

ಎರಡನೆಯದು ಎರರ್ ಪುಸ್ತಕ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರಿನ ರಿಲೇ ಅನ್ನುವ ವಿದ್ಯುತ್ ಸ್ವಿಚ್ಚಿನಲ್ಲಿ ಒಂದು ಪತಂಗ ಸಿಕ್ಕಿಕೊಂಡಿತ್ತು. ಅಲ್ಲಿನವರು ಅದನ್ನು ಬಿಸಾಡಲಿಲ್ಲ, ಲಾಗ್ ಪುಸ್ತಕಕ್ಕೆ ಟೇಪ್ ಹಾಕಿ ಅಂಟಿಸಿದರು. (ಯಂತ್ರದ ತಪ್ಪಿಗೆ ಹೇಳುವ 'ಬಗ್', ಅಂದರೆ ಹುಳ, ಅನ್ನುವ ಪದ ಅದಕ್ಕೂ ಮುಂಚೆಯೇ ಇತ್ತು, ಅಲ್ಲೇ ಹುಟ್ಟಿತು ಅಂತ ಹೇಳಬೇಡಿ.) ಮಳೆಗಾಲದಲ್ಲಿ ಟ್ಯೂಬ್‌ಲೈಟಿಗೆ ಮುತ್ತುವ ಹುಳ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಈ ಕಥೆ ತಕ್ಷಣ ಹಿಡಿಸುತ್ತದೆ. ನಾನು ಒಂದು ದಪ್ಪ ನೋಟ್‌ಬುಕ್ ಇಟ್ಟಿದ್ದೇನೆ. ಎರರ್ ಬಂದವರು ತಾರೀಖು, ಬಂದ ತಪ್ಪು, ಸರಿಯಾದದ್ದು ಹೇಗೆ ಅಂತ ಬರೆಯಬೇಕು. ಬೈಗುಳ ಇಲ್ಲ. ಮೊದಲ ಪುಟದಲ್ಲಿ ನನ್ನದೇ ತಪ್ಪು ಬರೆದಿದ್ದೇನೆ.

ಕೇಳಿದವರು, ಹತ್ತು ದಿನದ ನಂತರ

ಎಲ್ಲರಿಗೂ ತುಂಬಾ ಧನ್ಯವಾದ. ಕೊಳೆ ಔಷಧಿ ಪಾಠ ಒಂದು ಪೀರಿಯಡ್‌ಗೆ ಮುಗಿಯಲಿಲ್ಲ, ಎರಡು ಬೇಕಾಯಿತು. ಹೆಸರಿನ ಉದ್ದವನ್ನೂ ಮಾಡಿದೆವು. ಅದರಲ್ಲೊಂದು ಪ್ರಶ್ನೆ ಬಂತು, ನನಗೆ ಉತ್ತರ ಹೊಳೆಯಲಿಲ್ಲ. ಕೇಳಿದ್ದು ಅದೇ ಹುಡುಗಿ. "ಮೇಡಂ, 'ತೀರ್ಥಹಳ್ಳಿ'ಯಲ್ಲಿ ನಾವು ಥ ಬರೆದು ಆಮೇಲೆ ಅರ್ಕಾವತ್ತು ಹಾಕುತ್ತೇವೆ. ಈ ಕಂಪ್ಯೂಟರ್ ಯಾಕೆ ರ ಮೊದಲು ಇಟ್ಟಿದೆ?" ನಾಳೆ ಹೇಳುತ್ತೇನೆ ಅಂದೆ. ಮಳೆ ಅಂತ ನಾಳೆ ರಜೆ ಕೊಟ್ಟಿದ್ದಾರೆ, ಹಾಗಾಗಿ ಒಂದು ದಿನ ಸಿಕ್ಕಿದೆ.

ಶಿವಮೊಗ್ಗ ನಗರದಿಂದ

ಎಂಥ ಒಳ್ಳೆ ಪ್ರಶ್ನೆ! ನಾವು ಉಚ್ಚರಿಸುವ ಕ್ರಮದಲ್ಲೇ ಯಂತ್ರ ಅಕ್ಷರ ಇಡುತ್ತದೆ. ಬಾಯಲ್ಲಿ ರ ಮೊದಲು ಬರುತ್ತದೆ, ಥ ಆಮೇಲೆ. ಅರ್ಕಾವತ್ತನ್ನು ಪಕ್ಕಕ್ಕೆ ಕೂರಿಸಿ ತೋರಿಸುವುದು ಫಾಂಟಿನ ಕೆಲಸ. ಆದರೆ ಇದನ್ನು ನೀವು ಹೇಳಬೇಡಿ ಮೇಡಂ. 'ಸೂರ್ಯ' ಅಂತ ಜೋರಾಗಿ, ನಿಧಾನವಾಗಿ ಹೇಳುತ್ತಾ ಒಂದೊಂದೇ ತುಂಡು ಬರೆಯಲು ಅವಳಿಗೇ ಹೇಳಿ. ಐದು ತುಂಡು ಬರುತ್ತವೆ.